ಸುಳ್ಳು ಗಂಟೆ

ಜೂನ್ ೩

ಒಳಗಿರುವವರಿಗೆ,

‘ಬಾಗಿಲು ಮುಚ್ಚಿದ ಮೇಲೆಯೇ ಮನೆ ಮಾತಾಡುವುದು.’ ಹೀಗೊಂದು ಸಾಲು ಎಲ್ಲೋ ಓದಿದ ನೆನಪು. ಅಥವಾ ‘ಮನೆ ನೆನಪಾಗುವುದು’ ಎಂದಿತ್ತೋ? ಯಾರದು, ಯಾವ ಪುಸ್ತಕದ್ದು, ಒಂದೂ ಹೊಳೆಯುತ್ತಿಲ್ಲ. ನೀವು ಹೋದ ದಿನದಿಂದ ಕವನಸಂಗ್ರಹಗಳನ್ನೆಲ್ಲ ತಿರುವಿ ಹಾಕಿದ್ದೇನೆ, ಸಿಕ್ಕಿಲ್ಲ. ಸಿಗದಿದ್ದರೆ ಹೋಗಲಿ, ಆ ಸಾಲು ನಿಜವೇ ಎಂಬುದೇ ನನ್ನ ಅನುಮಾನ. ನಿಮ್ಮ ಬಾಗಿಲು ಮುಚ್ಚಿ ವಾರವಾಯಿತು. ಮನೆ ಇನ್ನೂ ಒಂದು ಮಾತಾಡಿಲ್ಲ. ಫ್ರಿಜ್ ಮಾತ್ರ ಆಗಾಗ ಗೊರಗುಟ್ಟುತ್ತದೆ. ನೀವಿರುವಾಗಲೂ ಗೊರಗುಟ್ಟುತ್ತಿತ್ತೋ ಏನೋ, ನಿಮ್ಮ ಗೊರಕೆಯಲ್ಲಿ ಕೇಳಿಸುತ್ತಿರಲಿಲ್ಲ.

ಬಾಗಿಲು ಮುಚ್ಚುವ ದಿನ ನೋಡಲು ನನ್ನ ಜೊತೆ ಬಂದಿದ್ದ ಪಕ್ಕದ ಮನೆಯ ನರ್ಸಮ್ಮ ಇನ್ನೂ ಅದೇ ಗುಂಗಿನಲ್ಲಿದ್ದಾರೆ. ಅವರು ಆಸ್ಪತ್ರೆಯಿಂದ ನಿವೃತ್ತರಾದರೂ ಅವರ ವಾರ್ಡಿನ ದನಿ ನಿವೃತ್ತವಾಗಿಲ್ಲವಲ್ಲ. ಶೆಡ್ಡಿನ ನಡುವೆ ನಿಂತ ಆ ಉಕ್ಕಿನ ಕೋಣೆಗೆ ಒಂದು ಸುತ್ತು ಹಾಕಿ ನಿಮ್ಮ ನಿರ್ದೇಶಕರನ್ನೇ ಕೇಳಿದರು:

“ಇದು ಮೇಲಕ್ಕೆ ಹೋಗುತ್ತಾ?”

“ಇಲ್ಲಮ್ಮ, ಇಲ್ಲೇ ಇರುತ್ತೆ. ಮೇಲೆ ಹೋದೋರ ಹಾಗೆ ಇವರು ಒಳಗೆ ಬದುಕಿ ತೋರಿಸ್ತಾರೆ, ಅಷ್ಟೆ. ಆಮೇಲೆ ನಿಜವಾದವರನ್ನ ಕಳಿಸೋದು.”

“ಹೋಗದೇ ಇರೋದಕ್ಕೆ ಬಾಗಿಲಿಗೆ ಅಷ್ಟೊಂದು ಬೋಲ್ಟ್ ಯಾಕೆ? ಓಡಿ ಹೋಗ್ತಾರೆ ಅಂತಾನಾ?”

ನಿರ್ದೇಶಕರು ನಕ್ಕರು. ನಾನು ನಗಲಿಲ್ಲ. ನನ್ನ ಪ್ರಶ್ನೆಯೂ ಅದೇ ಆಗಿತ್ತು.

ಎಲ್ಲರನ್ನೂ ಬಿಟ್ಟು ನಿಮ್ಮನ್ನು ಒಳಗೆ ಹಾಕಿದ್ದೇ ತಮಾಷೆ. ಗಗನಯಾತ್ರಿಗಳ ತಾಲೀಮಿಗೆ ಸುಳ್ಳು ಅಪಾಯ ಹೆಣೆಯುವುದು ನಿಮ್ಮ ಉದ್ಯೋಗ. ಬೆಂಕಿಯಿಲ್ಲದೆ ಬೆಂಕಿಯ ಗಂಟೆ, ಸೋರದೆ ಸೋರಿಕೆಯ ಗಂಟೆ. ಕಚೇರಿಯೆಲ್ಲ ನಿಮ್ಮನ್ನು ‘ಗಂಟೆ ಮಾಸ್ತರ್’ ಎನ್ನುವುದು ಅದಕ್ಕೇ. ಹೋಗಬೇಕಿದ್ದವರು ಶಟಲ್ ಆಡಿ ಕಾಲು ಮುರಿದುಕೊಂಡರು. ಆ ಸೀಟಿನ ಅಳತೆಗೆ ಹೊಂದುವ ಸೊಂಟ ಇಡೀ ಸಂಸ್ಥೆಯಲ್ಲಿ ನಿಮ್ಮದೊಂದೇ ಇತ್ತು. ಪ್ರಶ್ನೆಪತ್ರಿಕೆ ತೆಗೆದವರನ್ನೇ ಪರೀಕ್ಷೆಗೆ ಕೂರಿಸಿದ ಹಾಗಾಯಿತು. ಪತ್ರಿಕೆಯನ್ನು ಈಗ ಬೇರೆಯವರು ತೆಗೆಯುತ್ತಾರೆ ಎಂದು ನಿರ್ದೇಶಕರು ಸಮಾಧಾನ ಹೇಳಿದರು. ನಿಮಗೆ ಸಮಾಧಾನವಾಗಲಿಲ್ಲ ಎನ್ನುವುದು ಮುಖದಲ್ಲೇ ಕಂಡಿತು.

ಆಗಸ್ಟ್ ನಡುವಿನವರೆಗೆ ಫೋನಿಲ್ಲ. ವಾರಕ್ಕೊಂದು ಕಾಗದ, ಅದನ್ನೂ ಮನಶ್ಶಾಸ್ತ್ರದ ಮೇಡಂ ಮೊದಲು ಓದುತ್ತಾರಂತೆ. ಮೇಡಂ, ನಮಸ್ಕಾರ.

ಮನೆಯ ಸುದ್ದಿ ಒಂದಿದೆ. ಬೂದು ಬಣ್ಣದ ಬೆಕ್ಕೊಂದು ನಿಮ್ಮ ಬಟ್ಟೆಯ ಬೀರುವಿನೊಳಗೆ ಸೇರಿಕೊಂಡಿದೆ. ಅದರ ಹೊಟ್ಟೆ ನೋಡಿದರೆ ನೆಂಟರ ಮನೆಗೆ ಬಂದಂತಿಲ್ಲ, ಸಂಸಾರ ಹೂಡಲು ಬಂದಂತಿದೆ.

ಇನ್ನೊಂದು ವಿಷಯವೂ ಇದೆ. ಮೇಡಂ ಎದುರಿಗೆ ಹೇಳುವುದೋ ಬೇಡವೋ ತಿಳಿಯದು. ಮುಂದಿನ ಕಾಗದದ ಹೊತ್ತಿಗೆ ಧೈರ್ಯ ತಂದುಕೊಳ್ಳುತ್ತೇನೆ.

ಇಂತಿ,
ಹೊರಗುಳಿದವಳು


ಜೂನ್ ೧೦

ಹೊರಗುಳಿದವಳಿಗೆ,

ಕ್ಷೇಮ. ತೂಕ ಸ್ವಲ್ಪ ಇಳಿದಿದೆ, ನೀನು ಸಂತೋಷಪಡಬಹುದು.

ಇಲ್ಲಿ ನಾವು ಮೂವರು: ಪೈಲಟ್, ಡಾಕ್ಟರಮ್ಮ ಮತ್ತು ನಾನು. ಪೈಲಟ್ ಮಾತಾಡುವುದಿಲ್ಲ, ಸಿಳ್ಳೆ ಹಾಕುತ್ತಾನೆ. ಅದೂ ಒಂದೇ ಹಾಡು, ಅದೂ ಅರ್ಧ. ಉಳಿದರ್ಧ ಅವನಿಗೆ ಬರುತ್ತದೋ ಇಲ್ಲವೋ ಎಂಬ ಕುತೂಹಲದಲ್ಲೇ ನಮ್ಮ ದಿನಗಳು ಕಳೆಯುತ್ತಿವೆ. ಡಾಕ್ಟರಮ್ಮ ಬೆಳಗ್ಗೆ ಎಲ್ಲರ ಮೂತ್ರ ಅಳೆದು ಬರೆದುಕೊಳ್ಳುತ್ತಾರೆ. ಅದಾದ ಮೇಲೆ ಒಬ್ಬರ ಮೇಲೊಬ್ಬರಿಗೆ ಗೌರವ ಉಳಿಯುವುದಿಲ್ಲ, ಸ್ನೇಹ ಉಳಿಯುತ್ತದೆ.

ನಿನ್ನೆ ಊಟಕ್ಕೆ ಕೂತಾಗ ಗಾಳಿಯ ಒತ್ತಡ ಇಳಿಯಿತೆಂದು ಗಂಟೆ ಬಾರಿಸಿದರು. ಗಂಟೆ ಊಟದ ಹೊತ್ತಿಗೇ ಬಾರಿಸಬೇಕು ಎಂದು ಬರೆದಿಟ್ಟವನು ನಾನೇ. ಅವರಿಬ್ಬರೂ ತಟ್ಟೆ ಬಿಟ್ಟು ಮುಖವಾಡ ಹಾಕಿಕೊಳ್ಳಲು ಓಡಿದರು. ನಾನು ಎರಡು ತುತ್ತು ಹೆಚ್ಚಿಗೆ ತಿಂದು ಹೋದೆ.

“ಎಷ್ಟು ನಿಧಾನ ಸಾರ್ ನೀವು!” ಎಂದರು ಡಾಕ್ಟರಮ್ಮ.

“ದನಿಯಲ್ಲೇ ಗೊತ್ತಾಗುತ್ತಮ್ಮ. ಸುಳ್ಳು ಗಂಟೆಗೆ ಒಂದು ನಾಚಿಕೆ ಇರುತ್ತೆ,” ಎಂದೆ.

ಈಗ ಬೆಕ್ಕಿನ ವಿಷಯ. ಬೀರುವಿಗೆ ಚಿಲಕ ಹಾಕಿಸಿದವನು ನಾನು. ಅದು ತಾನಾಗಿ ತೆರೆದುಕೊಳ್ಳುವಂಥದಲ್ಲ. ಒಳಗೆ ಬರುವ ಮುಂಚೆ ನಾನೊಂದು ಪ್ರಸ್ತಾಪ ಕೊಟ್ಟಿದ್ದು ನಿನಗೆ ನೆನಪಿರಬೇಕು. ಗಗನಯಾತ್ರಿಯ ಎದೆ ನಡುಗಿಸುವುದು ಯಂತ್ರವಲ್ಲ, ಮನೆಯ ಸುದ್ದಿ. ಆದ್ದರಿಂದ ಮನೆಯಿಂದ ಬರುವ ಪತ್ರಗಳಲ್ಲೂ ಆಗಾಗ ಸುಳ್ಳು ಸಂಕಟ ಬೆರೆಸಿ, ಒಳಗಿನವರ ಸ್ಥಿಮಿತ ಪರೀಕ್ಷಿಸಬೇಕು ಎಂದು. ಸಮಿತಿ ಏನು ನಿರ್ಧರಿಸಿತೋ ತಿಳಿಯುವ ಮೊದಲೇ ನನ್ನ ಬಾಗಿಲು ಮುಚ್ಚಿತು. ನಿನ್ನ ಬೆಕ್ಕು ಆ ಪ್ರಸ್ತಾಪದ ಮೊದಲ ಹಂತದ ಹಾಗೇ ಇದೆ: ಚಿಕ್ಕದು, ನಿರುಪದ್ರವಿ, ಆದರೆ ಮನಸ್ಸನ್ನು ಪರಚುವಂಥದು. ನಿನ್ನನ್ನೂ ಇದಕ್ಕೆ ಸೇರಿಸಿಕೊಂಡಿದ್ದರೆ ನನಗೇನೂ ಬೇಸರವಿಲ್ಲ. ಚೆನ್ನಾಗಿ ಬರೆಯುತ್ತಿದ್ದೀಯ. ಮುಂದುವರಿಸು.

ಆ ಸಾಲು ಯಾರದೆಂದು ನನಗೆ ಗೊತ್ತು. ಹೊರಗೆ ಬಂದ ಮೇಲೆ ಹೇಳುತ್ತೇನೆ.

ಇಂತಿ,
ಭೂಮಿಯ ಮೇಲೇ ಭೂಮಿ ಸುತ್ತುತ್ತಿರುವವನು


ಜೂನ್ ೧೭

ಗಂಟೆ ಮಾಸ್ತರರಿಗೆ,

ನಕ್ಕು ನಕ್ಕು ಸಾಕಾಯಿತು. ನಿಮ್ಮ ಕಾಗದವನ್ನು ನರ್ಸಮ್ಮನಿಗೂ ಓದಿ ಹೇಳಿದೆ. “ಬೆಕ್ಕನ್ನ ಸಮಿತಿ ಕಳಿಸಿದ್ರೆ ಹಾಲಿನ ದುಡ್ಡೂ ಸಮಿತಿನೇ ಕೊಡ್ಲಿ,” ಎಂದರು.

ಬೆಕ್ಕು ಗುರುವಾರ ಮೂರು ಮರಿ ಹಾಕಿತು. ಎಲ್ಲಿ ಅಂತೀರಿ? ನಿಮ್ಮ ಕಪ್ಪು ಕೋಟಿನ ಮೇಲೆ. ಹೊರಗೆ ಬಂದ ದಿನ ಹಾಕಿಕೊಳ್ಳಬೇಕೆಂದು ಇಸ್ತ್ರಿ ಮಾಡಿಸಿ ಮಡಿಸಿಟ್ಟಿದ್ದಿರಲ್ಲ, ಅದೇ. ನಿಮ್ಮ ಚಿಲಕ ಭದ್ರವಾಗಿಯೇ ಇದೆ. ಬೀರುವಿನ ಹಿಂದಿನ ಹಲಗೆ ಬಿಟ್ಟುಕೊಂಡಿದೆ. ಸುರಕ್ಷತೆಯ ತಜ್ಞರು ಮುಂದೆ ಚಿಲಕ ಜಡಿಸಿ ಹಿಂದೆ ನೋಡಿರಲಿಲ್ಲ ಎಂದು ಕಾಣುತ್ತದೆ.

ಇನ್ನು ಆ ವಿಷಯ. ನಿಘಂಟು ಕಚೇರಿಯಿಂದ ನನಗೊಂದು ಕಾಗದ ಬಂದಿದೆ. ಕಸುಬುಗಳ ಮಾತನ್ನೆಲ್ಲ, ಬಡಗಿ, ದರ್ಜಿ, ಮೀನುಗಾರ, ಸೂಲಗಿತ್ತಿ ತಮ್ಮ ತಮ್ಮಲ್ಲೇ ಆಡಿಕೊಳ್ಳುವ ಮಾತನ್ನೆಲ್ಲ ಕೂಡಿಸಿ ಒಂದು ನಿಘಂಟು ಮಾಡುತ್ತಿದ್ದಾರೆ. ಸಂಪಾದಕಿಯಾಗಿ ಒಂದು ವರ್ಷ ಬನ್ನಿ ಎಂದಿದ್ದಾರೆ. ಊರು ರೈಲಿನಲ್ಲಿ ಒಂದು ಇಡೀ ರಾತ್ರಿಯ ದೂರ. ನಾನು ಪಾಠ ಮಾಡುವ ಕಾಲೇಜಿನವರು ರಜೆ ಕೊಡಲು ಒಪ್ಪಿದ್ದಾರೆ. ಜುಲೈ ನಡುವಿನೊಳಗೆ ಉತ್ತರ ಹೇಳಬೇಕು, ಆಗಸ್ಟ್ ಮೊದಲ ವಾರ ಸೇರಿಕೊಳ್ಳಬೇಕು. ಎಂದರೆ ನೀವು ಹೊರಗೆ ಬರುವ ಹೊತ್ತಿಗೆ ನಾನು ಈ ಮನೆಯಲ್ಲಿ ಇರುವುದಿಲ್ಲ.

ಇಂಥ ಕರೆ ಬಂದದ್ದು ಇದು ಮೂರನೆಯ ಸಲ. ಮೊದಲನೆಯ ಸಲ ಮಗಳು ಚಿಕ್ಕವಳಿದ್ದಳು. ಎರಡನೆಯ ಸಲ ನಿಮ್ಮ ಸಂಸ್ಥೆಯ ಪ್ಯಾರಾಚೂಟ್ ತೆರೆಯದೆ, ಪರೀಕ್ಷೆಗೆಂದು ಬಿಟ್ಟ ಖಾಲಿ ಗಗನನೌಕೆ ನೆಲಕ್ಕೆ ಬಡಿದಿತ್ತು. ತಿಂಗಳುಗಟ್ಟಲೆ ನೀವು ಗೋಡೆ ನೋಡುತ್ತ ಕೂತಿರಿ, ನಾನು ನಿಮ್ಮನ್ನೂ ಗೋಡೆಯನ್ನೂ ನೋಡುತ್ತ ಕೂತೆ. ಈಗ ಮಗಳು ಹಾಸ್ಟೆಲಿನಲ್ಲಿ ತನ್ನ ಪಾಡಿಗೆ ಓದಿಕೊಳ್ಳುತ್ತಿದ್ದಾಳೆ. ಪ್ಯಾರಾಚೂಟುಗಳು ತಮ್ಮ ಪಾಡಿಗೆ ತೆರೆಯುತ್ತಿವೆ. ನನಗೆ ಹೋಗಬೇಕು ಎನಿಸಿದೆ. ತುಂಬ ಎನಿಸಿದೆ.

ನಿಮಗೇನನಿಸುತ್ತದೆ? ಎರಡು ಸಾಲು ಬರೆಯಿರಿ, ಸಾಕು.

ಇಂತಿ,
ಕಾಯುತ್ತಿರುವವಳು


ಜೂನ್ ೨೪

ಪ್ರಿಯ ಲೇಖಕಿಗೆ,

ಅಭಿನಂದನೆ. ಬೆಕ್ಕಿನ ಮರಿಗಳಿಗೆ ಹತ್ತಕ್ಕೆ ಐದು ಅಂಕ. ಅವನ್ನು ಕೋಟಿನ ಮೇಲೇ ಹಾಕಿಸಿದ್ದು ಅತಿಯಾಯಿತು. ಹಿಂದಿನ ಹಲಗೆಗೆ ಏಳು, ಯಾಕೆಂದರೆ ನಾನು ಕೇಳಬಹುದಾದ ಪ್ರಶ್ನೆಗೆ ಮುಂಚೆಯೇ ಉತ್ತರ ಕೊಟ್ಟಿದ್ದೀಯ.

ನಿಘಂಟಿಗೆ ಒಂಬತ್ತು. ನಾನೇ ಕೂತು ಹೆಣೆದಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಎರಡು ಹಳೆಯ ನಿಜಗಳ ಪಕ್ಕ ಒಂದು ಹೊಸ ಸುಳ್ಳನ್ನು ಕೂರಿಸಿದರೆ ಅದೂ ನಿಜದ ಮುಖ ಹೊತ್ತುಕೊಳ್ಳುತ್ತದೆ. ಇದು ನನ್ನದೇ ಸೂತ್ರ, ನನ್ನ ಮೇಲೇ ಪ್ರಯೋಗವಾಗಿದೆ. ಓದುವಾಗ ನಾಡಿ ಏರಿತು, ಡಾಕ್ಟರಮ್ಮ ಬರೆದುಕೊಂಡರು. ನಿಯಮದ ಪ್ರಕಾರ ಆಳವಾಗಿ ಉಸಿರೆಳೆದುಕೊಂಡೆ, ನೀರು ಕುಡಿದೆ, ಕೈಯಲ್ಲಿದ್ದ ಕೆಲಸ ಮುಂದುವರಿಸಿದೆ. ಪ್ರತಿಕ್ರಿಯೆ: ಶಾಂತ. ನಿರ್ಧಾರ: ಇಳಿಯುವವರೆಗೆ ಮುಂದೂಡಲಾಗಿದೆ. ಸಂಬಂಧಪಟ್ಟವರು ದಾಖಲಿಸಿಕೊಳ್ಳಬಹುದು.

ಡಾಕ್ಟರಮ್ಮನಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ.

“ನಿಜವಾಗಿದ್ರೆ ಏನು ಮಾಡ್ತೀರಿ ಸಾರ್?”

“ನಿಜವಾಗಿದ್ದಿದ್ರೆ ಎದುರಿಗೆ ಕೂತು ಹೇಳಿರೋಳು.”

“ಎದುರಿಗೆ ಕೂತು ಕೇಳೋಕೆ ನೀವು ಮನೇಲಿ ಇರ್ತಿದ್ರಾ?”

ಪೈಲಟ್ ಸಿಳ್ಳೆ ನಿಲ್ಲಿಸಿದ. ಆಮೇಲೆ ಎಲ್ಲರೂ ಊಟ ಮಾಡಿದೆವು.

ಇಂತಿ,
ಶಾಂತಚಿತ್ತನು


ಜುಲೈ ೧

ರೀ,

ಅಂಕ ಕೇಳಿದವರು ಯಾರು? ನಿಮ್ಮ ಕಾಗದ ಹಿಡಿದುಕೊಂಡು ಸೀದಾ ಮೇಡಂ ಕೋಣೆಗೆ ಹೋದೆ. ಮೇಜಿನ ಮೇಲೆ ಮೂರು ಗಡಿಯಾರ, ಮೂರರಲ್ಲೂ ಬೇರೆ ಬೇರೆ ಹೊತ್ತು. ಅವರಿಗೆ ಅದೇನೂ ವಿಚಿತ್ರವಲ್ಲ.

“ಮೇಡಂ, ನಮ್ಮೋರಿಗೆ ಒಂದು ಮಾತು ಹೇಳಿ. ಕಾಗದದಲ್ಲಿರೋದೆಲ್ಲ ನಿಜ ಅಂತ.”

“ಹೇಳೋ ಹಾಗಿಲ್ಲ.”

“ಯಾಕೆ?”

“ನಿಯಮ. ಪರೀಕ್ಷೆ ಮುಗಿಯೋವರೆಗೆ ಯಾವುದು ನಿಜ, ಯಾವುದು ಸುಳ್ಳು ಅಂತ ಒಳಗಿರೋರಿಗೆ ಯಾರೂ ಹೇಳಬಾರದು.”

“ಇಂಥಾ ನಿಯಮ ಮಾಡಿದ ಪುಣ್ಯಾತ್ಮ ಯಾರು?”

ಮೇಡಂ ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಯಜಮಾನ್ರು.”

“ಹೋಗ್ಲಿ, ಆ ಪ್ರಸ್ತಾಪ ಏನಾಯ್ತು? ಕಾಗದದಲ್ಲಿ ಸುಳ್ಳು ಬೆರೆಸೋದು?”

“ಅದನ್ನೂ ಹೇಳೋ ಹಾಗಿಲ್ಲ.”

“ನಾನು ಹೊರಗಿನವಳಲ್ವಾ ಮೇಡಂ? ನನಗೆ ಹೇಳಿ.”

“ನೀವು ಅವರಿಗೆ ಕಾಗದ ಬರೀತೀರಲ್ಲ.”

ಕೆಲವರು ಅಡ್ಡಗೋಡೆಯ ಮೇಲೆ ದೀಪವಿಡುತ್ತಾರೆ. ಇವರು ದೀಪವನ್ನೂ ಆರಿಸಿ ಕೂತಿದ್ದಾರೆ. ತಾನೇ ತೋಡಿದ ಗುಂಡಿಗೆ ತಾನೇ ಬಿದ್ದವರನ್ನು ಕಂಡಿದ್ದೇನೆ. ಬಿದ್ದ ಮೇಲೂ ಗುಂಡಿ ಎಷ್ಟು ಸೊಗಸಾಗಿದೆ ಎಂದು ಅಂಕ ಕೊಡುವವರನ್ನು ಈಗಲೇ ಕಾಣುತ್ತಿರುವುದು.

ಆದ್ದರಿಂದ ನಾನೇ ಬರೆಯುತ್ತೇನೆ. ಇದು ನಿಜ. ಬೆಕ್ಕು ನಿಜ, ಕೋಟು ನಿಜ, ನಿಘಂಟು ನಿಜ. ನನ್ನ ಸಿಟ್ಟು ಎಲ್ಲಕ್ಕಿಂತ ನಿಜ. ಇನ್ನೊಂದು ನಿಜವೂ ಇದೆ: ನಿಘಂಟಿಗೆ ಒಂಬತ್ತು ಕೊಟ್ಟಿರಲ್ಲ, ಆ ಇನ್ನೊಂದು ಅಂಕ ಎಲ್ಲಿ ಹೋಯಿತು ಎಂದು ಒಂದು ಸಂಜೆಯೆಲ್ಲ ಯೋಚಿಸಿದೆ. ಇಷ್ಟು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ್ದರ ಫಲ.

ನರ್ಸಮ್ಮ ಗೋಡೆಯಾಚೆಯಿಂದಲೇ ಕೇಳಿದರು. “ಅವರು ನಂಬೋವರೆಗೆ ನೀವು ಕಾಯ್ತಾ ಕೂರ್ತೀರಾ? ವಾರ್ಡಲ್ಲಿ ಗಂಟೆ ಒತ್ತಿದೋರೆಲ್ಲ ಸಾಯೋಕೆ ಬಿದ್ದಿರ್ತಿದ್ರಾ? ಅರ್ಧ ಜನ ಫ್ಯಾನ್ ಹಾಕಿ ಅನ್ನೋಕೆ ಒತ್ತೋರು. ಆದ್ರೂ ಎದ್ದು ಹೋಗ್ತಿದ್ದೆ. ಬೈಕೊಂಡೇ ಹೋಗ್ತಿದ್ದೆ, ಅದು ಬೇರೆ ಮಾತು.”

ನೀವು ಬೈದುಕೊಂಡಾದರೂ ಎದ್ದು ಬನ್ನಿ. ಇನ್ನು ಎರಡು ವಾರ ಮಾತ್ರ ಉಳಿದಿದೆ.

ಇಂತಿ,
ನಿಮ್ಮ ಹೆಂಡತಿ (ಸಮಿತಿಯ ಸದಸ್ಯಳಲ್ಲ)


ಜುಲೈ ೮

ನನ್ನ ಹೆಂಡತಿಗೆ,

‘ಇದು ನಿಜ’ ಎಂದು ಒತ್ತಿ ಒತ್ತಿ ಹೇಳಿಸುವುದು ನನ್ನ ಪ್ರಸ್ತಾಪದ ಮೂರನೆಯ ಹಂತ. ಸಿಟ್ಟು ನಾಲ್ಕನೆಯದು. ಎರಡನ್ನೂ ಒಂದೇ ಕಾಗದದಲ್ಲಿ ತುರುಕಿದ್ದು ಆತುರವಾಯಿತು ಎಂದು ಪತ್ರಿಕೆ ತೆಗೆಯುವವರಿಗೆ ತಿಳಿಸು.

ಆದರೆ ಮೇಡಂ ಕನ್ನಡಕ ಒರೆಸಿದ್ದು ಚೆನ್ನಾಗಿತ್ತು. ಅದನ್ನು ಎರಡು ಸಲ ಓದಿದೆ.

ಬುಧವಾರ ಕಾಗದ ಒಳಗೆ ಬರುವ ಕಿಂಡಿಯ ಹತ್ತಿರ ಈಚೆಗೆ ಬೇಗನೆ ಹೋಗಿ ಕೂರುತ್ತಿದ್ದೇನಂತೆ. ಪೈಲಟ್ ಗಮನಿಸಿ ಹೇಳಿದ. ತಿಂಗಳಲ್ಲಿ ಅವನು ಆಡಿದ ಮೊದಲ ಮಾತು ಅದು. ಸುಳ್ಳೇ ಇರಲಿ, ಬರೆಯುವುದನ್ನು ನಿಲ್ಲಿಸಬೇಡ.

ಇಂತಿ,
ಕಿಂಡಿಯ ಪಕ್ಕದವನು


ಜುಲೈ ೧೫

ಕಿಂಡಿಯ ಪಕ್ಕದವರಿಗೆ,

ಒಪ್ಪಿಗೆ ಬರೆದು ಇವತ್ತು ಅಂಚೆಗೆ ಹಾಕಿದೆ. ಆಗಸ್ಟ್ ಎರಡರ ರೈಲಿಗೆ ಟಿಕೆಟ್ ಆಗಿದೆ.

ಹಾಕುವ ಮೊದಲು ಅಂಚೆಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ನಿಮ್ಮ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಒಂದು ವಿಚಿತ್ರ ಹೊಳೆಯಿತು. ನೀವು ನನ್ನ ಮಾತು ನಂಬಿದ್ದರೆ ಏನಾಗುತ್ತಿತ್ತು? ‘ಹೋಗು’ ಎನ್ನುತ್ತಿದ್ದಿರಿ, ಅದು ಖಂಡಿತ. ಆದರೆ ಆ ‘ಹೋಗು’ ಪೆನ್ನಿನಿಂದ ಹೇಗೆ ಬಿತ್ತು, ಅಕ್ಷರ ಗಟ್ಟಿಯಾಗಿತ್ತೋ ಸಪ್ಪಗಿತ್ತೋ ಎಂದು ನಾನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಸಪ್ಪಗಿದೆ ಎಂದು ನಾನೇ ತೀರ್ಮಾನಿಸಿ, ‘ಬೇಡ ಬಿಡಿ’ ಎಂದು ಬರೆದು, ಮುಂದಿನ ಹತ್ತು ವರ್ಷ ನಿಮ್ಮನ್ನು ಅದಕ್ಕಾಗಿ ಕ್ಷಮಿಸುತ್ತ ಇರುತ್ತಿದ್ದೆ. ಕವಿತೆ ಓದಿ ಓದಿ ಬಂದ ಚಟ ಇದು: ಬರೆದದ್ದನ್ನು ಬಿಟ್ಟು ಬರೆಯದ್ದನ್ನು ಓದುವುದು.

ಈ ಸಲ ಓದಲು ಏನೂ ಇರಲಿಲ್ಲ. ನಾನೇ ಉತ್ತರ ಹೇಳಬೇಕಾಯಿತು. ಹೇಳಿದೆ.

ಕೋಟನ್ನು ಬೆಕ್ಕಿಗೇ ಬಿಟ್ಟಿದ್ದೇನೆ. ಹಾಲು ಹಾಕುವುದು ನರ್ಸಮ್ಮನ ಪಾಲಿಗೆ. ನೀವು ಬಂದಾಗ ಊಟಕ್ಕೆ ಏನು ಮಾಡುತ್ತೀರೋ ಎಂದು ಯೋಚನೆಯಾಯಿತು. ಆಮೇಲೆ, ಏಳು ವಾರದಿಂದ ಪೊಟ್ಟಣ ಹರಿದು ಬಿಸಿನೀರು ಹುಯ್ದುಕೊಂಡು ತಿನ್ನುವವರ ಬಗ್ಗೆ ನನಗೇಕೆ ಯೋಚನೆ ಎನಿಸಿ ಸುಮ್ಮನಾದೆ.

ಎಷ್ಟು ಅಂಕ ಬೇಕೋ ಕೊಟ್ಟುಕೊಳ್ಳಿ.

ಇಂತಿ,
ಹೊರಟವಳು


ಜುಲೈ ೨೯

ಹೊರಡದಿರುವವಳಿಗೆ, ಅಥವಾ ಹೊರಟವಳಿಗೆ,

ಸೋಮವಾರ ಇಲ್ಲಿ ಗಂಟೆ ಬಾರಿಸಿತು. ನಾನು ವ್ಯಾಯಾಮದ ಸೈಕಲ್ ತುಳಿಯುತ್ತಿದ್ದೆ. ಬಾರಿಸಿದ್ದು ಬೆಂಕಿಯ ಗಂಟೆ. ಅಭ್ಯಾಸಬಲದಿಂದ ಮನಸ್ಸಿನಲ್ಲೇ ಆರು ಅಂಕ ಕೊಟ್ಟೆ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. “ಈ ಸಲ ವಾಸನೆಯನ್ನೂ ಸೇರಿಸಿದ್ದಾರೆ, ಭೇಷ್!” ಎಂದು ಎಂಟಕ್ಕೆ ಏರಿಸಿ ತುಳಿಯುತ್ತಲೇ ಇದ್ದೆ. ಡಾಕ್ಟರಮ್ಮ ಕೂಗಿದರು. ಕೂಗುವುದನ್ನೂ ಹೇಳಿಕೊಟ್ಟಿದ್ದಾರೆ ಎಂದುಕೊಂಡೆ. ಕೊನೆಗೆ ಅವರು ನನ್ನ ಕತ್ತಿನಪಟ್ಟಿ ಹಿಡಿದು ಸೈಕಲ್ಲಿನಿಂದ ಕೆಳಗೆಳೆದು, ಬಾಯಿಗೆ ಮುಖವಾಡ ಒತ್ತಿ, ಮೂತ್ರ ಅಳೆಯುವವರಿಗೆ ಮಾತ್ರ ಸಾಧ್ಯವಾಗುವ ಸಲಿಗೆಯಲ್ಲಿ ಬೈದರು.

ಅದು ನಿಜದ ಗಂಟೆ. ನಾವು ಬಿಟ್ಟ ಉಸಿರನ್ನು ಶುದ್ಧ ಮಾಡುವ ಯಂತ್ರದ ಫ್ಯಾನು ಕಚ್ಚಿಕೊಂಡು ಮೋಟಾರು ಹೊತ್ತಿತ್ತು. ಪೈಲಟ್ ಕರೆಂಟು ಕಿತ್ತು ಆರಿಸಿದ. ಯಾರಿಗೂ ಏನೂ ಆಗಲಿಲ್ಲ. ನನ್ನ ಮೀಸೆ ಮಾತ್ರ ಮುಖವಾಡದ ಕೊಂಡಿಗೆ ಸಿಕ್ಕಿ ಅರ್ಧವಾಗಿದೆ. ಬೇರೆ ಮೋಟಾರು ಹಾಕಿದ್ದಾರೆ, ಪರೀಕ್ಷೆ ಮುಂದುವರಿದಿದೆ, ಹೊರಗೆ ವಿಚಾರಣೆ ನಡೆದಿದೆ.

ಸುಳ್ಳು ಗಂಟೆಗೆ ಒಂದು ನಾಚಿಕೆ ಇರುತ್ತದೆ ಎಂದಿದ್ದೆನಲ್ಲ. ನಿಜದ ಗಂಟೆಯೂ ಅದೇ ದನಿಯಲ್ಲಿ ಬಾರಿಸಿತು. ಇರುವುದೇ ಒಂದು ಗಂಟೆ. ‘ತೋಳ ಬಂತು ತೋಳ’ದ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ಕೂಗುವವನು ಒಬ್ಬ, ನಂಬದವರು ಊರಿನವರು. ನಾನು ಎರಡೂ ಪಾತ್ರವನ್ನು ಒಬ್ಬನೇ ಮಾಡಿದೆ.

ಮುಖವಾಡದೊಳಗೆ ಕೂತಿದ್ದಾಗ ಮೊದಲು ನೆನಪಾದದ್ದು ಬೆಕ್ಕು. ಬೀರುವನ್ನು ಗೋಡೆಯ ಹತ್ತಿರವೇ ನಿಲ್ಲಿಸಿದ್ದೆವು. ಗೋಡೆ ತೇವ. ಹಿಂದಿನ ಹಲಗೆ ಬಿಟ್ಟುಕೊಳ್ಳುವುದು ಸಹಜವೇ. ಹಲಗೆ ನಿಜವಾದರೆ ಬೆಕ್ಕು ನಿಜ, ಬೆಕ್ಕು ನಿಜವಾದರೆ ನಿಘಂಟು... ಅಷ್ಟರಲ್ಲಿ ಡಾಕ್ಟರಮ್ಮ ನನ್ನ ನಾಡಿ ನೋಡಿ, “ಬೆಂಕಿ ಆರಿದೆ ಸಾರ್, ಈಗ್ಯಾಕೆ ಹೀಗೆ ಹೊಡ್ಕೊಳ್ತಿದೆ?” ಎಂದರು.

ಹದಿನೈದರ ನಿನ್ನ ಕಾಗದಕ್ಕೆ ಹತ್ತಕ್ಕೆ ಹತ್ತು ಬರೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಅಂಕವನ್ನು ಅಳಿಸಿದ್ದೇನೆ. ನೀನು ಕೇಳಿದ್ದು ಎರಡು ಸಾಲು:

ಹೋಗು.
ಅಕ್ಷರ ಬೆಳಕಿಗೆ ಹಿಡಿದು ನೋಡು, ಗಟ್ಟಿಯಾಗಿಯೇ ಇದೆ.

ಎರಡರ ರೈಲಿಗೆ ಮುಂಚೆ ಇದು ನಿನ್ನ ಕೈ ಸೇರಲಿ.

ಇಂತಿ,
ಅರ್ಧ ಮೀಸೆಯವನು


ಆಗಸ್ಟ್ ೯

ಮಾನ್ಯರೇ,

ಜುಲೈ ೨೯ರ ಲಗತ್ತಿಸಿದ ಕಾಗದವನ್ನು ಆಕಸ್ಮಿಕದ ವಿಚಾರಣೆಯ ಕಾರಣ ತಡೆಹಿಡಿಯಲಾಗಿತ್ತು. ತಡೆ ತೆಗೆದ ಮೇಲೆ ಜವಾನನ ಕೈಯಲ್ಲಿ ನಿಮ್ಮ ಮನೆಗೆ ಕಳಿಸಲಾಗಿ, ಬಾಗಿಲಿಗೆ ಬೀಗ ಇದ್ದುದರಿಂದ ಹಿಂದಕ್ಕೆ ಬಂತು. ಪಕ್ಕದ ಮನೆಯವರು ಕೊಟ್ಟ ವಿಳಾಸಕ್ಕೆ ಈಗ ಕಳಿಸುತ್ತಿದ್ದೇನೆ. ವಿಚಾರಣೆ ಮುಗಿಯುವವರೆಗೆ ಒಳಗಿರುವವರಿಗೂ ಹೊರಗಿನ ಕಾಗದ ಕೊಡುತ್ತಿಲ್ಲ. ಎಂದರೆ, ನೀವು ಹೋದಿರೋ ಇಲ್ಲವೋ ಎಂಬುದು ಅವರಿಗೆ ತಿಳಿದಿಲ್ಲ.

ತಾವು ಕೇಳಿದ್ದ ಪ್ರಶ್ನೆಗೆ ಉತ್ತರ: ಪತ್ರಗಳಲ್ಲಿ ಸುಳ್ಳು ಬೆರೆಸುವ ಪ್ರಸ್ತಾಪವನ್ನು ಸಮಿತಿ ಜೂನ್ ತಿಂಗಳಲ್ಲೇ ತಳ್ಳಿಹಾಕಿತ್ತು. ಹೇಳುವ ಹಾಗಿರಲಿಲ್ಲ.

ಕಚೇರಿಗೆ ಸಂಬಂಧಿಸದ ಒಂದು ಮಾತು. ನಿಮ್ಮಿಬ್ಬರ ಕಾಗದಗಳನ್ನು ಓದುವುದು ನನ್ನ ಕೆಲಸವಾಗಿತ್ತು. ಜುಲೈ ೧೫ರದನ್ನು ಕೆಲಸದ ಹೊತ್ತು ಮುಗಿದ ಮೇಲೂ ಓದಿದೆ. ನೀವು ಹೋದದ್ದು ಒಳ್ಳೆಯದಾಯಿತು.

ತಮ್ಮ ವಿಶ್ವಾಸಿ,
ಮನಶ್ಶಾಸ್ತ್ರ ವಿಭಾಗ


ಆಗಸ್ಟ್ ೧೩

ಮನೆಗೆ ಬಂದವರಿಗೆ,

ಇದು ನಿಮಗಿಂತ ಮುಂಚೆ ಮನೆ ಸೇರಿ ಬಾಗಿಲ ಕೆಳಗೆ ಬಿದ್ದಿರಲಿ ಎಂದು ಬರೆಯುತ್ತಿದ್ದೇನೆ.

ನಿಮ್ಮ ಎರಡು ಸಾಲು ನಿನ್ನೆ ತಲುಪಿತು, ನಾನು ಇಲ್ಲಿಗೆ ಬಂದು ಹತ್ತು ದಿನವಾದ ಮೇಲೆ. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು ನೋಡಿದೆ. ಹೌದು, ಗಟ್ಟಿಯಾಗಿದೆ. ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದೀರಿ. ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಉಳಿದ ಒಂದು ಎಲ್ಲಿ ಹೋಯಿತು ಎಂದು ನೀವೂ ಒಂದು ಸಂಜೆ ಯೋಚಿಸಿ.

ನನ್ನ ಕೋಣೆಯಲ್ಲಿ ಒಂದು ಮೇಜು, ಒಂದು ಕಿಟಕಿ, ಗೋಡೆಯುದ್ದಕ್ಕೂ ಸಣ್ಣ ಸಣ್ಣ ಖಾನೆಗಳು, ಖಾನೆ ತುಂಬ ಮಾತುಗಳು. ಬೆಳಗ್ಗೆ ಮೀನುಗಾರರು ಬರುತ್ತಾರೆ, ಮಧ್ಯಾಹ್ನ ದರ್ಜಿಗಳು. ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದಿಲ್ಲ, ಜಗಳವಾಡುತ್ತಾರೆ. ನನಗೆ ಮನೆಯಲ್ಲೇ ಇದ್ದಂತಿದೆ. ಇಲ್ಲಿನ ಗ್ರಂಥಾಲಯದಲ್ಲೂ ಆ ಸಾಲು ಸಿಗಲಿಲ್ಲ. ಯಾರದದು, ಹೇಳಿ. ನೀವು ಕವಿತೆ ಓದಿದ್ದನ್ನು ನಾನು ಕಂಡೇ ಇಲ್ಲವಲ್ಲ!

ಮೊದಲ ರಜೆಗೆ ಬರುತ್ತೇನೆ. ಅಥವಾ ನೀವೇ ಬನ್ನಿ. ಆ ಕೋಟು ಬೇಡ.

ಇಂತಿ,
ನಿಮ್ಮವಳೇ


ಆಗಸ್ಟ್ ೧೭

ನಿಘಂಟಿನವಳಿಗೆ,

ಇದನ್ನು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಬೋಲ್ಟುಗಳನ್ನೆಲ್ಲ ಬಿಚ್ಚಿ ನಮ್ಮನ್ನು ಹೊರಗೆ ತೆಗೆದರು. ಚಪ್ಪಾಳೆ, ಹೂಗುಚ್ಛ, ಫೋಟೋ. ಫೋಟೋದಲ್ಲಿ ಅರ್ಧ ಮೀಸೆ ಕಾಣದ ಹಾಗೆ ಹೂಗುಚ್ಛ ಎತ್ತಿ ಹಿಡಿದೆ. ಪೈಲಟ್ ಹೊರಗೆ ಕಾಲಿಟ್ಟವನೇ ಆ ಹಾಡಿನ ಉಳಿದರ್ಧವನ್ನು ಸಿಳ್ಳೆ ಹಾಕಿದ. ಡಾಕ್ಟರಮ್ಮನಿಗೆ ಕಣ್ಣೀರು ಬಂತು. ಎಲ್ಲರೂ ಫೋನಿಗೆ ಮುಗಿಬಿದ್ದರು. ನನಗೆ ಧೈರ್ಯ ಬರಲಿಲ್ಲ, ಹೂಗುಚ್ಛ ಹಿಡಿದು ಸೀದಾ ಮನೆಗೆ ಬಂದೆ.

ಕರೆಗಂಟೆ ಒತ್ತಿದೆ. ಯಾರೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಷ್ಟು ವರ್ಷ ಊರವರಿಗೆಲ್ಲ ಗಂಟೆ ಬಾರಿಸಿದವನು ನಾನು. ನಾನು ಬಾರಿಸಿದ ಗಂಟೆಗೆ ಯಾರೂ ಓಡಿ ಬಾರದಿದ್ದದ್ದು ಇದೇ ಮೊದಲು. ಆಮೇಲೆ ಬೀಗ ಕಣ್ಣಿಗೆ ಬಿತ್ತು. ನೋಡಿ ಮೊದಲು ಖುಷಿಯಾಯಿತು, ಬಹಳ ಖುಷಿಯಾಯಿತು. ಅದರ ಹಿಂದೆಯೇ ಹಸಿವಾಯಿತು.

ಗಂಟೆಯ ಸದ್ದಿಗೆ ನರ್ಸಮ್ಮ ಬಂದರು.

“ಹೋದ್ಲಾ?” ಎಂದೆ.

“ಹೋಗದೆ? ಇಲ್ಲಿ ಕೂತು ನಿಮ್ಮ ಹತ್ರ ಮಾರ್ಕ್ಸ್ ತಗೋಬೇಕಿತ್ತಾ?”

ವಿಳಾಸ ಕೊಟ್ಟರು. ಕೀಲಿ ಮಾತ್ರ ಸಿಗಲಿಲ್ಲ. ನಿನ್ನೆ ಬೀಗ ಹಾಕಿ ಬಂದ ಮೇಲೆ ಭದ್ರವಾಗಿರಲಿ ಎಂದು ಎಲ್ಲೋ ಇಟ್ಟಿದ್ದಾರಂತೆ. ಎಷ್ಟು ಭದ್ರವೆಂದರೆ ಅವರಿಗೂ ಸಿಗುತ್ತಿಲ್ಲ. ಹುಡುಕಲು ಒಳಗೆ ಹೋಗಿದ್ದಾರೆ, ಡಬ್ಬಿಗಳ ಸದ್ದು ಕೇಳುತ್ತಿದೆ. ನಮ್ಮ ಬಾಗಿಲ ಕೆಳಗೆ ನಿನ್ನ ಅಕ್ಷರದ ಲಕೋಟೆಯ ತುದಿ ಕಾಣುತ್ತಿದೆ. ಬೆರಳಿಂದ ಎಳೆದು ನೋಡಿದೆ, ಬರಲಿಲ್ಲ. ಹಾಗಾಗಿ ನಿನ್ನ ಕಾಗದ ಓದುವ ಮೊದಲೇ ಅದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಆ ಸಾಲು ಯಾವ ಕವಿಯದೂ ಅಲ್ಲ. ನಮ್ಮ ಮೊದಲ ಬಾಡಿಗೆ ಮನೆ ನೆನಪಿದೆಯಾ? ಬಂದು ಎರಡನೆಯ ದಿನ ಗಾಳಿಗೆ ಬಾಗಿಲು ಧಡ್ ಎಂದು ಹಾಕಿಕೊಂಡಿತು. ನಾವಿಬ್ಬರೂ ಹೊರಗೆ, ಕೀಲಿ ಒಳಗೆ, ಒಲೆಯ ಮೇಲೆ ಹಾಲು. ನಾನು ಬೀಗದವನನ್ನು ಹುಡುಕಿ ಓಡಾಡಿ ಬಂದೆ. ನೀನು ಇದೇ ಥರ ಮೆಟ್ಟಿಲ ಮೇಲೆ ಕೂತು, ಬಾಗಿಲಿಗೆ ಕಿವಿಗೊಟ್ಟು, ಹಾಲು ಉಕ್ಕುವ ಸದ್ದು ಕೇಳುತ್ತಿದ್ದೆ. ನನ್ನನ್ನು ನೋಡಿ, ‘ಬಾಗಿಲು ಮುಚ್ಚಿದ ಮೇಲೇನೇ ಕಣ್ರೀ ಮನೆ ಮಾತಾಡೋದು,’ ಎಂದು ನಕ್ಕೆ. ಪಾತ್ರೆ ಸೀದು ಕರಕಲಾಗಿತ್ತು. ನೀನು ಮರೆತೆ. ನಾನು ಬೇರೆ ಯಾವ ಕವಿತೆಯನ್ನೂ ಓದಲಿಲ್ಲ, ಹಾಗಾಗಿ ನನಗೆ ಇದೊಂದು ಉಳಿಯಿತು.

ವರದಿ ಕೊಟ್ಟು ಬಂದಿದ್ದೇನೆ. ಸುಳ್ಳು ಗಂಟೆಗಳನ್ನು ಕಡಿಮೆ ಮಾಡಬೇಕು, ಬಾರಿಸಿದ ಪ್ರತಿ ಸಲವೂ ಯಾಕೆ ಬಾರಿಸಿದೆವೆಂದು ಸಂಜೆಯೊಳಗೆ ಒಳಗಿನವರಿಗೆ ಹೇಳಬೇಕು, ಮನೆಯ ಕಾಗದಗಳನ್ನು ಯಾರೂ ಮುಟ್ಟಕೂಡದು. ಕೊನೆಯದನ್ನು ಓದಿ ನಿರ್ದೇಶಕರು, “ಇದು ನಿಮ್ಮದೇ ಪ್ರಸ್ತಾಪದ ವಿರುದ್ಧ ಅಲ್ವೇನ್ರೀ?” ಎಂದರು. “ಆ ಪ್ರಸ್ತಾಪಕ್ಕೆ ಹತ್ತಕ್ಕೆ ಸೊನ್ನೆ ಸಾರ್,” ಎಂದೆ.

ಶನಿವಾರದ ರೈಲಿಗೆ ಬರುತ್ತೇನೆ. ಹಾಕಿಕೊಳ್ಳಲು ಕೋಟಿದೆ.

ಇಂತಿ,
ಈಗ ಹೊರಗುಳಿದವನು

ಮತ್ತೆ: ಸಹಿ ಹಾಕುವಷ್ಟರಲ್ಲಿ ನರ್ಸಮ್ಮನಿಗೆ ಕೀಲಿ ಸಿಕ್ಕಿತು. ಬೀಗ ತೆಗೆದುಕೊಟ್ಟು, ಬಾಗಿಲಿಗೆ ಅಡ್ಡವಾಗಿ ನಿಂತು, ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿ ಹೇಳಿದರು: “ಬೆಕ್ಕು ನಿಜವಾದದ್ದೇ. ಮರಿಗಳು ಈಗ ಮನೆ ತುಂಬಾ ಓಡಾಡ್ತವೆ. ಕೆಳಗೆ ನೋಡ್ಕೊಂಡು ಕಾಲಿಡಿ.”